ಪೆಟ್ಟಿಗೆಗೆ ಬಳಿಯುವ ಮುನ್ನ

ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿ ಸಾನಮಾವು ಸಿಗುತ್ತದೆ. ಸುತ್ತ ರಾಗಿ, ಟೊಮೇಟೊ, ಹೂವಿನ ಹೊಲಗಳು. ಅವುಗಳಿಗೆ ಅಂಟಿಕೊಂಡೇ ಮೀಸಲು ಕಾಡು. ಚಳಿಗಾಲ ಬಂತೆಂದರೆ ಬನ್ನೇರುಘಟ್ಟ, ಜವಳಗಿರಿ ಕಡೆಯಿಂದ ಆನೆ ಹಿಂಡುಗಳು ಈ ಕಾಡಿಗೆ ಬಂದು ತಂಗುತ್ತವೆ. ಇಲ್ಲಿ ಮಾತಾಡುವವರಲ್ಲಿ ಒಬ್ಬರು ಊರಿನ ಬಡಗಿ. ಇನ್ನೊಬ್ಬಳು ಅವರ ಅಕ್ಕನ ಮಗಳು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವವಳು.

— ಅಳತೆ ಹೇಳಮ್ಮ, ಬರ್ಕೊತೀನಿ.

— ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಮಾವ. ಮುಂದುಗಡೆ ಗಾಜಿನ ಜಾರು ಬಾಗಿಲು. ಒಳಗೆ ಯಾವಾಗ್ಲೂ ಸ್ವಲ್ಪ ತೇವ ಇರುತ್ತೆ, ಒಂದು ಮೂಲೇಲಿ ಬಿಸಿ ಇರುತ್ತೆ. ಮರ ಕೊಳೀಬಾರದು, ಊದ್ಕೋಬಾರದು.

— ಏನ್ ಸಾಕ್ತೀಯ ಅದ್ರಾಗೆ? ಮೊಲಾನಾ?

— ಹಾವು.

— ಹಾವಾ? ಕಾಡಾಗಿರೋದು ಸಾಲ್ದು ಅಂತ ಮನೆ ಒಳಕ್ಕೂ ತರ್ತೀಯ? ಫಾರೆಸ್ಟ್‌ನೋರು ಬಂದ್ರೆ ನಿನ್ ಜೊತೇಲಿ ಪೆಟ್ಟಿಗೆ ಮಾಡ್ಕೊಟ್ಟ ನನ್ನೂ ಕರ್ಕೊಂಡು ಹೋಗ್ತಾರೆ.

— ನಮ್ಮ ಕಾಡಿನ ಹಾವಲ್ಲ ಮಾವ. ನಮ್ಮ ಕಾಡಿನದ್ದು ಯಾವುದನ್ನೂ ಯಾರೂ ಸಾಕೋ ಹಾಗಿಲ್ಲ. ಹೆಬ್ಬಾವಂತೂ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಹುಲಿ ಆನೆಗಿರೋ ರಕ್ಷಣೆಯೇ ಅದಕ್ಕೂ ಇದೆ. ಇದು ಬಾಲ್ ಪೈಥಾನ್ ಅಂತ, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಣ್ಣ ಹೆಬ್ಬಾವು. ವಿಷ ಇಲ್ಲ. ಪೂರ್ತಿ ಬೆಳೆದ್ರೂ ನಾಲ್ಕೈದು ಅಡಿ. ಹೆದರಿದ್ರೆ ತಲೆ ಒಳಗಿಟ್ಟು ಉಂಡೆ ಸುತ್ಕೊಳ್ಳುತ್ತೆ. ಸಾಕಿದ ಹಾವಿಗೇ ಹುಟ್ಟಿದ ಮರಿ ಇದು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯ್ತಲ್ಲ, ಆಗ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಸೈಟ್ಸ್‌ನ ಪಟ್ಟಿಯಲ್ಲಿರೋ ಹೊರದೇಶದ ಪ್ರಾಣಿಗಳನ್ನ ನಾಲ್ಕನೇ ಅನುಸೂಚಿಗೆ ತಂದ್ರು. ಸಾಕೋರು ನೋಂದಾಯಿಸ್ಲೇಬೇಕು. ಅದರ ನಿಯಮ 2024ರಲ್ಲಿ ಬಂತು, ಪರಿವೇಶ್ ಜಾಲತಾಣದಲ್ಲಿ ಅರ್ಜಿ ಹಾಕ್ಬೇಕು. ನನ್ನ ಹತ್ರ ಕಾಗದ ಎಲ್ಲಾ ಇದೆ, ತೋರಿಸ್ತೀನಿ.

— ಕಾಗದ ಇದ್ರೆ ಸರಿ. ಹೋದ ತಿಂಗಳು ಒಬ್ಬ ಹುಡುಗ ಬಂದಿದ್ದ, ಹೊಲದ ಬದೀಲಿ ಆಮೆ ಸಿಕ್ತು, ಬೆನ್ನ ಮೇಲೆ ಹಳದಿ ಗೀಟು ನಕ್ಷತ್ರದಂಗೆ ಐತೆ, ಒಂದು ಗೂಡು ಮಾಡ್ಕೊಡಿ ಅಂತ.

— ಮಾಡ್ಕೊಟ್ರಾ?

— ಇಲ್ಲ. ಯಾಕೋ ಮನಸ್ಸಾಗ್ಲಿಲ್ಲ.

— ಒಳ್ಳೇದಾಯ್ತು. ಅದು ನಕ್ಷತ್ರ ಆಮೆ. ನಮ್ಮ ಕಡೆಯ ಕುರುಚಲು ಕಾಡು, ಒಣ ಹೊಲಗಳೇ ಅದರ ಮನೆ. ಈಗ ಅದೂ ಮೊದಲನೇ ಅನುಸೂಚಿ. 2019ರಲ್ಲಿ ಕಾಡಿನಿಂದ ಹಿಡಿದದ್ದರ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಾನೂ ನಿಷೇಧಿಸಿದ್ರು, ಅಷ್ಟು ಕಳ್ಳಸಾಗಣೆ ಆಗ್ತಿತ್ತು. ಗೂಡು ಎಷ್ಟು ಚೆನ್ನಾಗಿ ಮಾಡಿದ್ರೂ ಅದನ್ನ ಇಟ್ಕೊಳ್ಳೋದು ಅಪರಾಧ. ಇನ್ನೊಂದ್ಸಲ ಯಾರಾದ್ರೂ ಬಂದ್ರೆ, ಸಿಕ್ಕಿದ ಜಾಗದಲ್ಲೇ ಬಿಟ್ಬಿಡು, ಗಾಯ ಆಗಿದ್ರೆ ಅರಣ್ಯ ಇಲಾಖೆಗೆ ಹೇಳು ಅನ್ನಿ.

— ಹೇಳ್ತೀನಿ. ಈಗ ನಿನ್ನ ಹಾವಿನ ವಿಷ್ಯ. ಗಾಜಿನ ತೊಟ್ಟೀಲಿ ಬಿಡಬೋದಲ್ಲ, ಮೀನು ಬಿಡೋ ಹಂಗೆ? ಗಾಜು ನೆನೆಯಲ್ಲ, ಕೊಳೆಯಲ್ಲ, ಬಣ್ಣ ಬಳಿಯೋ ತಂಟೆ ಇಲ್ಲ.

— ಗಾಜು ಬಿಸಿ ಹಿಡಿಯಲ್ಲ ಮಾವ. ಹೊಸೂರು ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 900 ಮೀಟರ್ ಎತ್ತರದಲ್ಲಿದೆ. ಮಾರ್ಗಶಿರ, ಪುಷ್ಯದ ರಾತ್ರಿ ನಿಮಗೆ ಗೊತ್ತಲ್ಲ. ಆ ಹಾವಿಗೆ ಒಂದು ತುದೀಲಿ 31, 32 ಡಿಗ್ರಿ ಬೇಕು, ಇನ್ನೊಂದು ತುದೀಲಿ 26ರ ಆಸುಪಾಸು. ಎರಡರ ಮಧ್ಯೆ ತನಗೆ ಬೇಕಾದ ಕಡೆ ಅದು ಓಡಾಡ್ಕೊಂಡಿರುತ್ತೆ. ಮರದ ಪೆಟ್ಟಿಗೇಲಿ ಬಿಸಿ ನಿಲ್ಲುತ್ತೆ, ತೇವಾನೂ ನಿಲ್ಲುತ್ತೆ. ಮೂರು ಕಡೆ ಗೋಡೆ ಇರೋದ್ರಿಂದ ಹಾವಿಗೂ ಬಚ್ಚಿಟ್ಕೊಂಡ ಸಮಾಧಾನ. ಆದ್ರೆ ಆ ತೇವವೇ ಮರಕ್ಕೆ ಶತ್ರು.

— ತೇವ ಎಷ್ಟಿರ್ಬೇಕು?

— ಗಾಳೀಲಿ ಶೇಕಡ 60ರ ಹತ್ರ. ಪೊರೆ ಬಿಡೋ ಹೊತ್ತಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಕಡಿಮೆ ಆದ್ರೆ ಪೊರೆ ಚೂರು ಚೂರಾಗಿ ಕಿತ್ತು ಮೈಮೇಲೇ ಉಳಿಯುತ್ತೆ. ಆದ್ರೆ ನೆಲ ಒದ್ದೆ ಇರಬಾರದು. ಒದ್ದೆ ನೆಲದ ಮೇಲೆ ಮಲಗಿದ್ರೆ ಹೊಟ್ಟೆಯ ಹುರುಪೆ ಕೊಳೆಯೋಕೆ ಶುರುವಾಗುತ್ತೆ. ಗಾಳಿ ತೇವ, ನೆಲ ಒಣ: ಇದು ನಾನು ಕೇಳ್ತಿರೋದು.

— ಅಂದ್ರೆ ನೀರಿನ ಬಟ್ಟಲು ಚೆಲ್ಲಿದ್ರೆ, ಉಚ್ಚೆ ಹೊಯ್ದ್ರೆ ಒರೆಸೋಕೆ ಬರ್ಬೇಕು, ಹಲಗೆ ಒಳಕ್ಕೆ ಇಳೀಬಾರ್ದು.

— ಅದೇ. ಒಮ್ಮೆ ಒಳಕ್ಕೆ ಇಳಿದ್ರೆ ತೊಳೆಯೋಕೆ ಆಗಲ್ಲ. ಬೂಸಲು, ವಾಸನೆ, ರೋಗ ಎಲ್ಲಾ ಅಲ್ಲೇ ಮನೆ ಮಾಡುತ್ತೆ. ಸಂದು ಬಿಟ್ಟಿದ್ರೆ ಹಾವಿನ ಉಣ್ಣೆ ಹುಳ ಹೋಗಿ ಸೇರ್ಕೊಂಡು ಅಲ್ಲೇ ಮೊಟ್ಟೆ ಇಡುತ್ತೆ.

— ಸುಲಭದ ದಾರಿ ಹೇಳ್ಲಾ? ಹೊಗೇನಕಲ್ಲಿನ ಹರಿಗೋಲು ನೋಡಿದ್ದೀಯಲ್ಲ. ಬಿದಿರಿನ ತಟ್ಟಿ ಹೆಣೆದು, ಪ್ಲಾಸ್ಟಿಕ್ ಹೊದ್ಸಿ, ಮೇಲೆ ಟಾರು ಬಳೀತಾರೆ. ಹಿಂದೆ ತೊಗಲು ಹೊದಿಸ್ತಿದ್ರು. ಕಾವೇರಿ ನೀರೇ ಒಳಗೆ ಬರಲ್ಲ ಅಂದ್ಮೇಲೆ ನಿನ್ನ ಹಾವಿನ ಬಟ್ಟಲು ನೀರು ಯಾವ ಲೆಕ್ಕ?

— ಹರಿಗೋಲಿನಲ್ಲಿ ಜನ ಅರ್ಧ ಗಂಟೆ ಕೂತು ಇಳೀತಾರೆ ಮಾವ, ಸುತ್ತಲೂ ಬಯಲು ಗಾಳಿ. ನನ್ನ ಹಾವು ಮುಚ್ಚಿದ ಪೆಟ್ಟಿಗೇಲಿ ಹಗಲು ರಾತ್ರಿ ಉಸಿರಾಡ್ಬೇಕು, ಅದೂ ಬಿಸಿ ಹಚ್ಚಿದ ಪೆಟ್ಟಿಗೇಲಿ. ಟಾರು ಬಿಸಿಗೆ ಮೆತ್ತಗಾಗಿ ಹೊಗೆಯಂಥ ಆವಿ ಬಿಡುತ್ತೆ. ಹಾವು ಬೇಕಂದ್ರೂ ಎದ್ದು ಹೊರಗೆ ಹೋಗೋಕಾಗಲ್ಲ. ನೀರು ತಡೆಯೋ ವಸ್ತು ಲೋಕದಲ್ಲಿ ನೂರಿವೆ. ಆ ವಸ್ತು ಪೆಟ್ಟಿಗೆ ಒಳಗಿನ ಗಾಳಿಗೆ ಏನು ಬಿಡುತ್ತೆ ಅನ್ನೋದನ್ನ ಮೊದಲು ಕೇಳ್ಬೇಕು.

— ನಮ್ಗೂ ವಾಸನೆ ಕುಡಿದು ಅಭ್ಯಾಸ ಆಗೈತೆ, ಹಾವಿಗೆ ಆಗಲ್ವಾ?

— ಇಲ್ಲ. ನಮಗೆ ಗಂಟಲಲ್ಲಿ ಏನಾದ್ರೂ ಸಿಕ್ಕಿದ್ರೆ ಕೆಮ್ತೀವಿ, ಕಫ ಹೊರಗೆ ಬರುತ್ತೆ. ಹಾವಿಗೆ ನಮ್ಮ ಹಾಗೆ ವಪೆ ಇಲ್ಲ, ಜೋರಾಗಿ ಕೆಮ್ಮಿ ಹೊರಹಾಕೋ ಶಕ್ತಿ ಇಲ್ಲ. ಶ್ವಾಸಕೋಶದಲ್ಲಿ ಕೂತದ್ದು ಅಲ್ಲೇ ಉಳಿದು ಸೋಂಕಾಗುತ್ತೆ. ಇನ್ನೊಂದು, ಅದು ನಾಲಿಗೆ ಚಾಚಿ ಚಾಚಿ ಗಾಳಿಯ ಕಣಗಳನ್ನ ಒಳಗೆ ತಗೊಂಡು ಬಾಯಿ ಮೇಲ್ಭಾಗದ ಅಂಗಕ್ಕೆ ಮುಟ್ಟಿಸುತ್ತೆ. ಲೋಕವನ್ನ ತಿಳ್ಕೊಳ್ಳೋದೇ ಹಾಗೆ. ಮೈ ನಿಧಾನವಾಗಿ ಕೆಲಸ ಮಾಡೋ ಪ್ರಾಣಿ ಆದ್ರಿಂದ ತೊಂದ್ರೆ ಆದ್ರೂ ಬೇಗ ತೋರಿಸಲ್ಲ. ಬಾಯಿ ತೆರೆದು ಉಸಿರಾಡ್ತಾ, ಮೂಗಲ್ಲಿ ಗುಳ್ಳೆ ಬರ್ತಾ ಇದೆ ಅಂತ ಆಸ್ಪತ್ರೆಗೆ ತರೋ ಹೊತ್ತಿಗೆ ಎಷ್ಟೋ ದಿನ ಕಳೆದಿರುತ್ತೆ.

— ಪಾಪ. ಬಾಯಿ ಬಿಟ್ಟು ಹೇಳೋ ಪ್ರಾಣಿ ಅಲ್ಲವಲ್ಲ. ಸರಿ, ಟಾರು ಬೇಡ. ಮರದ ಕಡೆ ಬರಾಣ. ಕಾರ್ಖಾನೆ ಪ್ಯಾಲೆಟ್ ಹಲಗೆ ಐತೆ ನೋಡು, ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಡೆಯಿಂದ ಬರ್ತದೆ. ಅಗ್ಗ. ಹೊರದೇಶದ ಪೈನ್ ಮರ, ನೋಡೋಕೆ ಚಂದ.

— ಅದರ ಮೇಲೆ ಗೋಧಿ ತೆನೆ ಚಿತ್ರದ ಮುದ್ರೆ ಇದೆಯಾ ನೋಡಿ.

— ಐತೆ. ಪಕ್ಕದಾಗೆ ಏನೋ ಇಂಗ್ಲಿಷ್ ಅಕ್ಷರ.

— ಒಂದು ದೇಶದಿಂದ ಇನ್ನೊಂದಕ್ಕೆ ಹೋಗೋ ಮರಕ್ಕೆ ಹುಳ ಇರಬಾರದು ಅಂತ ಆ ಮುದ್ರೆ. ಎಚ್‌ಟಿ ಅಂದ್ರೆ ಬಿಸಿ ಮಾಡಿ ಹುಳ ಕೊಂದಿದ್ದಾರೆ. ಎಂಬಿ ಅಂದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಹಾಕಿದ್ದಾರೆ. ಎಂಬಿ ಇರೋದನ್ನ ಮನೆ ಕೆಲಸಕ್ಕೇ ತಗೋಬೇಡಿ. ಎಚ್‌ಟಿ ಆದ್ರೂ ಅದರ ಮೇಲೆ ಕಾರ್ಖಾನೇಲಿ ಯಾವ ಎಣ್ಣೆ, ಯಾವ ರಾಸಾಯನಿಕ ಚೆಲ್ಲಿತ್ತೋ ಯಾರಿಗೆ ಗೊತ್ತು? ಅಲ್ಲದೆ ಪೈನ್, ದೇವದಾರು ಇಂಥವುಗಳಲ್ಲಿ ಸುವಾಸನೆ ಎಣ್ಣೆ, ರಾಳ ಇರುತ್ತೆ. ಬಿಸಿಯಾದ್ರೆ ಅದೂ ಆವಿಯಾಗುತ್ತೆ.

— ಮಾವಿನ ಹಲಗೆ? ಕೃಷ್ಣಗಿರಿ ಜಿಲ್ಲೇಲಿ ಅದಕ್ಕೇನು ಬರ.

— ನಿಮ್ಮ ಅಭಿಪ್ರಾಯ ಏನು? ಮರ ನಿಮಗೆ ಗೊತ್ತು.

— ಮಾವು ತೇವ ಕಂಡ್ರೆ ಕೊಳೀತದೆ, ಹುಳ ಬೇಗ ಹೊಡೀತದೆ. ಹಣ್ಣಿನ ಪೆಟ್ಟಿಗೆಗಾದ್ರೆ ಸರಿ. ನಿನ್ನ ಕೆಲಸಕ್ಕೆ ಪ್ಲೈ ಒಳ್ಳೇದು, ಹದಿನೆಂಟು ಎಂಎಂ. ಕಮರ್ಷಿಯಲ್ ಪ್ಲೈ ಬೇಡ, ಅದು ಗಾಳಿ ತೇವಕ್ಕೆ ಮಾತ್ರ. ನೀರಿಗೆ ಅಂದ್ರೆ ಐಎಸ್ 710 ತರ್ತೀನಿ, ಮರೀನ್ ಪ್ಲೈ. ಕುದಿಯೋ ನೀರಾಗೆ ಹಾಕಿದ್ರೂ ಪದರ ಬಿಡಲ್ಲ. ಅದಕ್ಕಿಂತ ಮೇಲಿಲ್ಲ.

— ಅಲ್ಲೇ ಒಂದು ಸೂಕ್ಷ್ಮ ಇದೆ. 710 ದರ್ಜೆ ಪ್ಲೈಗೆ ಕೊಳೆಯದ ಹಾಗೆ ರಕ್ಷಕ ಔಷಧಿ ಕುಡಿಸಿರ್ಬೇಕು ಅಂತ ಆ ಮಾನಕವೇ ಹೇಳುತ್ತೆ. ದೋಣಿಗೆ, ಅಡುಗೆಮನೆ ಸಿಂಕಿನ ಕೆಳಗಿನ ಕಪಾಟಿಗೆ ಅದು ಸರಿ. ಹೊಟ್ಟೆ ತಾಗಿಸ್ಕೊಂಡು ಹರಿದಾಡೋ ಪ್ರಾಣಿಗೆ ಆ ಔಷಧಿ ಯಾಕೆ? ಸಾಮಾನ್ಯ ಪ್ಲೈನ ಐಎಸ್ 303 ಮಾನಕದಲ್ಲೇ ಕುದಿನೀರು ತಾಳೋ ಬಿಡಬ್ಲ್ಯೂಆರ್ ದರ್ಜೆ ಇದೆಯಲ್ಲ, ಅದನ್ನ ತನ್ನಿ. ಗೆದ್ದಲು ಹುಳಕ್ಕೆ ಅಂತ ಹೆಚ್ಚುವರಿ ವಿಷ ಸೇರಿಸಿಲ್ಲದ್ದು, ಫಾರ್ಮಾಲ್ಡಿಹೈಡ್ ಕಡಿಮೆ ಬಿಡೋ ಇ-0 ಅಥವಾ ಇ-1 ಗುರುತಿನದ್ದು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ರೆ ಹಲಗೆ ಮೇಲಿನ ಮುದ್ರೆ ಓದಿ.

— ಆ ಬಿಡಬ್ಲ್ಯೂಆರ್‌ಗೆ ಅಂಟು ಫಿನಾಲ್‌ದು ಅಂತಾರೆ. ನಮ್ಮ ಮನೆ ಸುತ್ತ ಹಾವು ಬರದ ಹಂಗೆ ಕಾರ್ಬಾಲಿಕ್ ಆಸಿಡ್ ಚೆಲ್ತಿದ್ರಲ್ಲ ನಿಮ್ಮಜ್ಜ, ಅದೂ ಫಿನಾಲೇ ಅಂತ ಕೇಳಿದ್ದೆ. ಹಾವು ಓಡ್ಸೋ ಔಷಧೀನೇ ಹಾವಿನ ಮನೆ ಗೋಡೆಗೆ ಅಂಟಾ?

— ಒಳ್ಳೇ ಪ್ರಶ್ನೆ ಮಾವ. ಎರಡೂ ಫಿನಾಲೇ. ಆದ್ರೆ ಅಂಟು ಮಾಡೋವಾಗ ಫಿನಾಲ್, ಫಾರ್ಮಾಲ್ಡಿಹೈಡ್ ಎರಡನ್ನೂ ಸೇರಿಸಿ, ಕಾರ್ಖಾನೇಲಿ ಬಿಸಿ ಕೊಟ್ಟು ಒತ್ತಿ ಹಿಡಿದಾಗ ಒಂದನ್ನೊಂದು ಬಿಗಿಯಾಗಿ ಹಿಡ್ಕೊಂಡು ಬೇರೆಯೇ ಗಟ್ಟಿ ವಸ್ತು ಆಗಿಬಿಡುತ್ತೆ. ಹಿಂದಕ್ಕೆ ಕರಗಲ್ಲ. ಅಗ್ಗದ ಪ್ಲೈನಲ್ಲಿ ಯೂರಿಯಾ ಅಂಟು ಇರುತ್ತೆ. ತೇವ, ಬಿಸಿ ಎರಡೂ ಸಿಕ್ಕಿದ್ರೆ ಅದು ಬಿಚ್ಕೊಂಡು ಫಾರ್ಮಾಲ್ಡಿಹೈಡ್ ಬಿಡ್ತಾನೇ ಇರುತ್ತೆ. ಕಣ್ಣುರಿಯೋ ವಾಸನೆ ಅದೇ. ಹಾಗಾಗಿ ಫಿನಾಲ್ ಅಂಟಿನ ಪ್ಲೈ ವಾಸಿ. ಆದ್ರೆ ಗೂಡು ತೊಳೆಯೋಕೆ ಮಾತ್ರ ಅಜ್ಜನ ಕಾರ್ಬಾಲಿಕ್, ಕಪ್ಪು ಫಿನಾಯಿಲ್ ಹತ್ರಾನೂ ತರಬಾರದು. ಅದರಲ್ಲಿ ಫಿನಾಲು ಬಿಡಿಯಾಗಿಯೇ ಇದೆ.

— ಆಯ್ತು. ಪ್ಲೈ ನೀನು ಹೇಳಿದ್ದೇ. ಚೌಕಟ್ಟಿಗೆ ಒಣಗಿದ ಸಿಲ್ವರ್ ಓಕ್ ಐತೆ. ಮೇಲೆ ಮೆಲಮೈನ್ ಪಾಲಿಶ್ ಎರಡು ಕೋಟ್ ಹೊಡೆದು ಕೊಟ್ರೆ ಕನ್ನಡಿ ಥರ ಹೊಳೀತದೆ. ಟೀಪಾಯಿ, ಕಪಾಟು ಎಲ್ಲಕ್ಕೂ ನಾನು ಹೊಡೆಯೋದು ಅದೇ.

— ಪೆಟ್ಟಿಗೆ ಹೊರಗಡೆಗೂ ಬೇಡ ಮಾವ. ಮೆಲಮೈನ್ ಪಾಲಿಶ್ ಗಟ್ಟಿಯಾಗೋದೇ ಆಸಿಡ್ ಬೆರೆಸಿ. ಹಾಗೆ ಗಟ್ಟಿಯಾಗೋವಾಗ ಫಾರ್ಮಾಲ್ಡಿಹೈಡ್ ಬಿಡುತ್ತೆ, ಆಮೇಲೂ ಸ್ವಲ್ಪ ಸ್ವಲ್ಪ ಬಿಡ್ತಿರುತ್ತೆ. ನೀವು ಹೊಡೆದ ದಿನ ಅತ್ತೆ ಕಣ್ಣು ಉಜ್ಕೊಂಡು ಓಡಾಡಲ್ವಾ? ಅದಕ್ಕೇ. ಎನ್‌ಸಿ ಲ್ಯಾಕರ್ ನೀರಿಗೆ ನಿಲ್ಲಲ್ಲ, ತಿನ್ನರ್ ತುಂಬಿರುತ್ತೆ. ಅರಗಿನ ಪಾಲಿಶ್ ತುಂಬಾ ಒಳ್ಳೇದು, ಚನ್ನಪಟ್ಟಣದ ಗೊಂಬೆಗೆ ಹಚ್ಚೋದು ಅರಗೇ, ಮಗು ಬಾಯಿಗಿಟ್ರೂ ಭಯ ಇಲ್ಲ. ಆದ್ರೆ ನೀರು ನಿಂತ್ರೆ ಬೆಳ್ಳಗಾಗಿ ಏಳುತ್ತೆ, ಬಿಸಿಗೂ ಮೆತ್ತಗಾಗುತ್ತೆ.

— ಎಣ್ಣೆ? ಅಗಸೆ ಎಣ್ಣೆ ಹಳೇ ಕಾಲದ್ದು. ಸಮುದ್ರದ ಕಡೆ ದೋಣಿಗೆ ಗೇರೆಣ್ಣೆ ಬಳೀತಾರಂತಲ್ಲ.

— ಗೇರು ಸಿಪ್ಪೆಯ ಎಣ್ಣೆ ಕೈಗೆ ತಾಗಿದ್ರೆ ಚರ್ಮ ಸುಡುತ್ತೆ. ಅಗಸೆ ಎಣ್ಣೆ ಒಣಗೋಕೆ ವಾರಗಟ್ಟಲೆ ಬೇಕು. ಬೇಗ ಒಣಗ್ಲಿ ಅಂತ ಅಂಗಡಿಯದ್ದಕ್ಕೆ ಲೋಹದ ಉಪ್ಪು ಸೇರಿಸಿರ್ತಾರೆ. ಎಲ್ಲಾ ಆದ್ಮೇಲೂ ನಿಂತ ನೀರನ್ನ ತಡೆಯೋ ಪದರ ಅದಲ್ಲ. ಎಣ್ಣೆ ಒರೆಸಿದ ಬಟ್ಟೆ ಉಂಡೆ ಮಾಡಿ ಮೂಲೇಲಿ ಎಸೆದ್ರೆ ತಾನಾಗೇ ಹೊತ್ಕೊಳ್ಳುತ್ತೆ, ಜೋಪಾನ. ಬೇವಿನೆಣ್ಣೆ, ಹೊಂಗೆ ಎಣ್ಣೆ ನಮಗೆ ಮನೆಮದ್ದು, ಅವೂ ಹುಳ ಕೊಲ್ಲೋ ಎಣ್ಣೆಗಳೇ. ಒಳಗೆ ಬೇಡ.

— ಎಲ್ಲಾ ಬೇಡ ಬೇಡ ಅಂತೀಯ. ಬೇಕು ಅನ್ನೋದು ಹೇಳು.

— ಮೂರು ದಾರಿ ಇವೆ. ಒಂದು, ಎರಡು ಡಬ್ಬಿ ಬೆರೆಸೋ ಎಪಾಕ್ಸಿ, ತೆಳುವು ಮಾಡೋ ದ್ರಾವಕ ಇಲ್ಲದ್ದು. ನೀರು ತಡೆಯೋದ್ರಲ್ಲಿ ಅದನ್ನ ಮೀರಿಸೋದು ಇನ್ನೊಂದಿಲ್ಲ. ಆದ್ರೆ ಎರಡನ್ನೂ ಡಬ್ಬಿ ಮೇಲೆ ಬರೆದ ಅಳತೇಲೇ ಬೆರೆಸ್ಬೇಕು, ಕಣ್ಣಂದಾಜು ನಡೆಯಲ್ಲ. ಗಟ್ಟಿಕಾರಕ ಒಂದು ಚೂರು ಹೆಚ್ಚು ಕಡಿಮೆ ಆದ್ರೆ ಎಷ್ಟು ದಿನ ಬಿಟ್ರೂ ಅಂಟಂಟಾಗೇ ಇರುತ್ತೆ, ಉಳಿದ ರಾಸಾಯನಿಕ ಹೊರಗೆ ಬರ್ತಾನೇ ಇರುತ್ತೆ. ಬೆರೆಸೋ ಕೆಲಸ ನಿಮ್ಮ ಕೈಗೂ ಒಳ್ಳೇದಲ್ಲ, ಚರ್ಮಕ್ಕೆ ಅಲರ್ಜಿ ಬಂದ್ರೆ ಜೀವನಪೂರ್ತಿ ಹೋಗಲ್ಲ. ಎರಡು, ನೀರಿನಲ್ಲಿ ಕಲಸಿದ ಪಿಯು, ಅಂದ್ರೆ ಪಾಲಿಯುರೆಥೇನ್, ತಿನ್ನರ್ ಬೇಡದ್ದು. ಬ್ರಷ್‌ನಲ್ಲಿ ತೆಳ್ಳಗೆ ನಾಲ್ಕೈದು ಕೋಟು. ಎರಡು ಡಬ್ಬಿ ಬೆರೆಸಿ ಗನ್‌ನಲ್ಲಿ ಹೊಡೆಯೋ ಪಿಯು ಬೇಡ. ಗಟ್ಟಿಯಾದ್ಮೇಲೆ ಅದೂ ಹಾವಿಗೆ ತೊಂದ್ರೆ ಕೊಡಲ್ಲ, ಆದ್ರೆ ಹೊಡೆಯೋವಾಗ ಅದರ ಐಸೋಸಯನೇಟ್ ನಿಮ್ಮ ಎದೆ ಸೇರಿದ್ರೆ ಉಬ್ಬಸ ಬರುತ್ತೆ. ಮೂರನೇದು ನಿಮಗೇ ಚೆನ್ನಾಗಿ ಗೊತ್ತು. ಸನ್‌ಮೈಕಾ.

— ಅಯ್ಯೋ, ಮೊದ್ಲೇ ಹೇಳಬಾರ್ದಾ! ಮೈಕಾ ಹಾಕಿದ್ಮೇಲೆ ನೀರಿಗೆ ದಾರಿ ಎಲ್ಲಿ?

— ದಾರಿ ಇದೆ, ಅಂಚಿನಲ್ಲಿ. ಆಮೇಲೆ ಅಂಟು. ರಬ್ಬರ್ ಸಲ್ಯೂಷನ್ ಹಾಕಿ ಅಂಟಿಸಬೇಡಿ, ಅದರ ದ್ರಾವಕದ ವಾಸನೆ ಮೈಕಾ ಕೆಳಗೆ ಸಿಕ್ಕಿಹಾಕ್ಕೊಂಡು ತಿಂಗಳುಗಟ್ಟಲೆ ಬರುತ್ತೆ. ಬಿಳಿ ಫೆವಿಕಾಲ್ ಹಾಕಿ, ನೀರು ತಡೆಯೋ ಮರೀನ್ ಫೆವಿಕಾಲ್ ಸಿಕ್ಕುತ್ತಲ್ಲ, ಅದೇ ಆಗ್ಲಿ. ಭಾರ ಹೇರಿ ಒಂದು ರಾತ್ರಿ ಬಿಡಿ.

— ಹಂಗಾದ್ರೆ ಹಿಂಗೆ ಮಾಡ್ತೀನಿ ಕೇಳು. ನೆಲಕ್ಕೂ, ಗೋಡೆಯ ಕೆಳಗಿನ ಅರ್ಧ ಅಡಿಗೂ ಮೈಕಾ. ಅದರ ಮೇಲಿನ ಗೋಡೆಗೆ, ಮಾಡಿಗೆ ನಿನ್ನ ನೀರಿನ ಪಿಯು. ಒದ್ದೆ ಆಗೋದು ಕೆಳಗೇ ತಾನೆ, ಮೇಲೆ ಬರೀ ಬೆವರು.

— ಅದಕ್ಕಿಂತ ಒಳ್ಳೇದು ನನಗೂ ತೋಚ್ತಿಲ್ಲ.

— ಇಲ್ಲಿ ಬಾ, ಒಂದು ತೋರಿಸ್ತೀನಿ. ಈ ಪ್ಲೈ ತುಂಡು ನೋಡು. ಮೇಲ್ಮೈ ಮೇಲೆ ಒಂದು ತೊಟ್ಟು ನೀರು ಬಿಟ್ಟೆ. ನಿಂತೈತಾ?

— ಗುಂಡಗೆ ನಿಂತಿದೆ.

— ಈಗ ಕೊಯ್ದ ಅಂಚಿನ ಮೇಲೆ ಇನ್ನೊಂದು ತೊಟ್ಟು. ಎಲ್ಲಿ ಹೋಯ್ತು?

— ಕುಡಿದೇಬಿಡ್ತು! ಪದರದ ನಡುವೆ ಕಪ್ಪಗೆ ಗೆರೆ ಓಡ್ತಿದೆ.

— ಮರ ಕುಡಿಯೋದೇ ಅಂಚಿನಾಗೆ. ಒಳಗೆ ಸಣ್ಣ ಸಣ್ಣ ಕೊಳವೆಗಳು, ಬದುಕಿದ್ದಾಗ ಬೇರಿನಿಂದ ನೀರು ಎತ್ತಿದ ದಾರಿಗಳು. ಜನ ಮುಖಕ್ಕೆ ನಾಲ್ಕು ಕೋಟ್ ಬಳೀತಾರೆ, ಅಂಚು ಮರೀತಾರೆ. ಆರು ತಿಂಗಳಿಗೆ ಮೂಲೆ ಊದ್ಕೊತದೆ. ನಾನು ಅಂಚಿಗೆ ಮೊದಲು ಬಳಿದು, ಕುಡಿಯೋಷ್ಟು ಕುಡಿಸಿ, ಒಣಗಿಸಿ, ಉಜ್ಜಿ, ಮತ್ತೆ ಬಳೀತೀನಿ. ಗಾಳಿಕಿಂಡಿ ತೂತು, ವೈರ್ ತೂತು, ಸ್ಕ್ರೂ ತೂತು ಎಲ್ಲಾ ಮೊದಲೇ ಕೊರೆದು ಅದರ ಒಳಗೂ ಬಳಿಯೋದು. ಬಳಿದಾದ್ಮೇಲೆ ಕೊರೆದ್ರೆ ಹಸಿ ಮರ ಮತ್ತೆ ಬಾಯಿ ತೆರೀತದೆ. ಹೊರ ಮೈಗೂ ಅಷ್ಟೇ ಕೋಟು. ಒಂದೇ ಮಗ್ಗುಲಿಗೆ ಬಳಿದ್ರೆ ಹಲಗೆ ಬಾಗ್ತದೆ.

— ಇದು ನನಗೆ ಗೊತ್ತಿರಲಿಲ್ಲ ಮಾವ. ಕಿಂಡಿ ಎಲ್ಲಿಡ್ತೀರ?

— ತಣ್ಣಗಿರೋ ಕಡೆ ಕೆಳಗೆ, ಬಿಸಿ ಕಡೆ ಮೇಲೆ. ಬಿಸಿ ಗಾಳಿ ಮೇಲೆ ಹೋಗ್ತದೆ, ಕೆಳಗಿನಿಂದ ಹೊಸದು ಬರ್ತದೆ. ಇನ್ನೊಂದು ಮಾತು. ಬಂದ ನೀರನ್ನ ಬಣ್ಣದಿಂದ ತಡೆಯೋದಕ್ಕಿಂತ, ನೀರು ಮರದ ಹತ್ರ ಬರದ ಹಂಗೆ ಮಾಡೋದು ಬಡಗಿ ಕೆಲಸ. ನೆಲದ ಅಳತೆಗೆ ಒಂದು ಟ್ರೇ ಮಾಡಿಸ್ಕೊ, ಎಳೆದು ತೆಗೆಯೋ ಹಂಗೆ. ಬಟ್ಟಲು ಉರುಳಿದ್ರೂ ಟ್ರೇ ಒಳಗೇ ನಿಲ್ತದೆ. ಹೊರಗೆ ತಗೊಂಡು ಹೋಗಿ ತೊಳೆದು ಬಿಸಿಲಿಗಿಟ್ಟು ತಾ. ಆಗ ಮೈಕಾಗೂ ಕೆಲಸ ಕಡಿಮೆ, ಪಿಯುಗೂ ಕಡಿಮೆ.

— ಟ್ರೇ ಇದ್ರೆ ಅರ್ಧ ರಾಸಾಯನಿಕದ ಚಿಂತೆಯೇ ಹೋಗುತ್ತೆ. ಮೂಲೆ ಸಂದುಗಳಿಗೆ?

— ಸಿಲಿಕೋನ್ ಎಳೀತೀನಿ. ಬಾತ್‌ರೂಮಿಗೆ ಹಾಕಿದ್ದು ಅರ್ಧ ಟ್ಯೂಬ್ ಉಳಿದೈತೆ.

— ಅದು ಬೇಡ. ಬಾತ್‌ರೂಮಿಗೆ ಅಂತ ಮಾರೋದ್ರಲ್ಲಿ ಬೂಸಲು ಹಿಡಿಯದ ಹಾಗೆ ಶಿಲೀಂಧ್ರನಾಶಕ ಬೆರೆಸಿರ್ತಾರೆ. ಮೀನಿನ ತೊಟ್ಟಿಗೆ ಅಂತ ಬೇರೆ ಸಿಕ್ಕುತ್ತೆ, ಬರೀ ಸಿಲಿಕೋನ್. ಹುಳಿ ವಾಸನೆ ಬರುತ್ತೆ, ಅದು ವಿನಿಗರ್ ಆಮ್ಲ, ಗಟ್ಟಿಯಾದ್ಮೇಲೆ ಹೋಗುತ್ತೆ. ಒಂದು ದಿನಕ್ಕೆ ಮೇಲೆ ಚರ್ಮ ಕಟ್ಟುತ್ತೆ, ಒಳಗೆ ಹಸಿ ಇರುತ್ತೆ. ವಾರ ಬಿಡೋಣ.

— ಗೆದ್ದಲು? ಈ ಕೆಂಪು ನೆಲದಾಗೆ ಒಂದು ಮಳೆಗೆ ಬರ್ತಾವೆ. ಕಾಲಿಗೆ ಗೆದ್ದಲು ಎಣ್ಣೆ ಬಳೀಬೇಕಲ್ಲ.

— ಬೇಡ. ಅದರಲ್ಲಿರೋ ಕ್ಲೋರ್‌ಪೈರಿಫಾಸ್ ನರಕ್ಕೆ ವಿಷ. ಪೆಟ್ಟಿಗೇನ ಕಬ್ಬಿಣದ ಸ್ಟ್ಯಾಂಡ್ ಮೇಲಿಡ್ತೀನಿ, ಗೋಡೆಯಿಂದ ನಾಲ್ಕು ಬೆರಳು ದೂರ. ಗೆದ್ದಲು ಮಣ್ಣಿನ ದಾರಿ ಕಟ್ಟಿದ್ರೆ ಕಣ್ಣಿಗೆ ಕಾಣ್ಬೇಕು. ನುಸಿ ಗುಳಿಗೇನೂ ಹಾಕ್ಬೇಡಿ, ಕಪಾಟು ಮಾಡ್ಕೊಟ್ಟಾಗ ಮೂಲೇಲಿ ಹಾಕಿಡ್ತೀರಲ್ಲ.

— ಅಭ್ಯಾಸದಾಗೆ ಹಾಕಿಬಿಡ್ತಿದ್ದೆ, ಹೇಳಿದ್ದು ಒಳ್ಳೇದಾಯ್ತು. ತೊಳೆಯೋದು ಯಾವುದ್ರಲ್ಲಿ?

— ಬಿಸಿನೀರು, ಸ್ವಲ್ಪ ಸೋಪು. ಕಾಯಿಲೆ ಬಂದಾಗ ಬ್ಲೀಚನ್ನ ಚೆನ್ನಾಗಿ ತೆಳುವು ಮಾಡಿ ಒರೆಸಿ, ನೀರಲ್ಲಿ ಮತ್ತೆ ಒರೆಸಿ, ಪೂರ್ತಿ ಆರಿ ವಾಸನೆ ಹೋದ್ಮೇಲೆ ಹಾವು ಬಿಡೋದು.

— ಸರಿ. ಗುರುವಾರ ಪ್ಲೈ ಬರ್ತದೆ. ಭಾನುವಾರ ಮುಗಿಸಿ, ಸೋಮವಾರ ಬಳಿದು, ಬುಧವಾರ ತಗೊಂಡು ಹೋಗು. ಎರಡು ಗಂಟೇಲಿ ಒಣಗ್ತದೆ ಆ ಪಿಯು.

— ತಗೊಂಡು ಹೋಗ್ತೀನಿ, ಆದ್ರೆ ಹಾವು ಬಿಡೋದು ತಿಂಗಳಾದ್ಮೇಲೆ.

— ತಿಂಗಳಾ? ಬೆರಳಿಗೆ ಅಂಟಲ್ಲ ಅಂದ್ಮೇಲೆ ಒಣಗಿದಂಗೇ ಅಲ್ವಾ?

— ಅಲ್ಲ ಮಾವ. ಎಲ್ಲರೂ ಎಡವೋದು ಇಲ್ಲೇ. ಬೆರಳಿಗೆ ಅಂಟದೇ ಇರೋದು ಅಂದ್ರೆ ನೀರು ಹಾರಿಹೋಗಿ ಮೇಲೆ ಪದರ ಕಟ್ಟಿದೆ ಅಂತ ಅಷ್ಟೇ. ಆ ಪದರದ ಒಳಗೆ ಇನ್ನೂ ಸಹದ್ರಾವಕಗಳು ಸಿಕ್ಕಿಕೊಂಡಿರುತ್ತವೆ, ಅವು ನಿಧಾನವಾಗಿ ಹೊರಗೆ ಬರ್ತವೆ. ಪದರ ತನ್ನೊಳಗೆ ತಾನು ಬಿಗಿಯಾಗ್ತಾ ಹೋಗುತ್ತೆ. ನೀರಿನ ಪಿಯುಗೆ ಇದು ಮೂರು ನಾಲ್ಕು ವಾರ. ಎಪಾಕ್ಸಿಗೆ 25 ಡಿಗ್ರಿ ಸೆಕೆಯಲ್ಲಿ ವಾರದ ಆಸುಪಾಸು, ಚಳಿ ಇದ್ರೆ ಇನ್ನೂ ಜಾಸ್ತಿ. ಡಬ್ಬಿಯಲ್ಲಿ ಎರಡೂ ಬರೆದಿರ್ತಾರೆ, ಮುಟ್ಟಿದ್ರೆ ಅಂಟದ ಹೊತ್ತು ಒಂದು, ಪೂರ್ತಿ ಗಟ್ಟಿಯಾಗೋ ಹೊತ್ತು ಇನ್ನೊಂದು. ನಾವು ಮೊದಲನೇದು ಓದಿ ಎರಡನೇದು ಬಿಡ್ತೀವಿ. ಎಷ್ಟು ಒಳ್ಳೇ ಪಾಲಿಶ್ ಆದ್ರೂ ಹಸಿ ಇದ್ದಾಗ ವಿಷವೇ. ಸಾಧಾರಣ ಪಾಲಿಶ್ ಆದ್ರೂ ಪೂರ್ತಿ ಗಟ್ಟಿಯಾದ್ರೆ ಎಷ್ಟೋ ವಾಸಿ. ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಆತುರ ಮಾಡಿದ್ರೆ ಕೆಳಗಿನದು ಉಸಿರು ಬಿಡೋಕೆ ಮುಂಚೆ ಮೇಲಿನದು ಮುಚ್ಚಿಬಿಡುತ್ತೆ, ಆಗ ತಿಂಗಳೂ ಸಾಲಲ್ಲ.

— ಈಗ ಐಪ್ಪಸಿ ತಿಂಗಳ ಮಳೆ ಬೇರೆ. ಗೋಡೇನೇ ಬೆವರ್ತಾ ಐತೆ. ಹಲಗೇನೂ ಸರಿಯಾಗಿ ಒಣಗಿರಲ್ಲ. ಒದ್ದೆ ಹಲಗೆ ಮೇಲೆ ಬಳಿದ್ರೆ ಬೊಬ್ಬೆ ಏಳ್ತದೆ, ಒಳಗಿನ ನೀರು ಹೊರಕ್ಕೆ ಬರೋಕೆ ದಾರಿ ಇಲ್ದೆ.

— ಹಾಗಾದ್ರೆ ಕಾಯೋಣ. ಕೊಯ್ದು ಜೋಡಿಸಿಡಿ, ಬಳಿಯೋದು ಮಳೆ ನಿಂತ ಮೇಲೆ. ಶಿವರಾತ್ರಿ ಹೊತ್ತಿನ ಒಣ ಗಾಳಿ ಒಳ್ಳೇದು. ಅಲ್ಲಿವರೆಗೆ ಹಾವು ಈಗಿರೋ ಪ್ಲಾಸ್ಟಿಕ್ ಡಬ್ಬದಲ್ಲೇ ಇರಲಿ, ಅದಕ್ಕೇನು ಕಷ್ಟ ಇಲ್ಲ.

— ಗಟ್ಟಿಯಾಗೈತೆ ಅಂತ ಗೊತ್ತಾಗೋದು ಹೆಂಗೆ? ನಿಂಗೊಂದು ಮಿಷನ್ ಐತಾ?

— ಮಿಷನ್ ಬೇಡ. ಹಾವು ಬಿಡೋ ಮುಂಚೆ ಖಾಲಿ ಪೆಟ್ಟಿಗೇಲಿ ಬಿಸಿ ಹಚ್ಚಿ, ನೀರಿನ ಬಟ್ಟಲಿಟ್ಟು, ಬಾಗಿಲು ಮುಚ್ಚಿ ಒಂದು ವಾರ ಓಡಿಸ್ತೀನಿ. ಹಾವು ಇದ್ದಾಗ ಹೇಗಿರುತ್ತೋ ಹಾಗೇ. ದಿನಾ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಮುಖ ಒಳಗಿಟ್ಟು ಮೂಸ್ತೀನಿ. ಸ್ವಲ್ಪ ವಾಸನೆ ಬಂದ್ರೂ ಇನ್ನೊಂದು ವಾರ. ವಾಸನೆ ಬರ್ಲಿಲ್ಲ ಅಂತ ಡಬ್ಬಿಯ ಲೆಕ್ಕಕ್ಕಿಂತ ಮುಂಚೆ ಬಿಡೋದೂ ಇಲ್ಲ, ನಮ್ಮ ಮೂಗಿಗೆ ಸಿಕ್ಕದ್ದು ಇನ್ನೂ ಇರಬಹುದು. ಬಿಸಿ ಬಲ್ಬಿಗೆ ಥರ್ಮೋಸ್ಟಾಟ್, ಸುತ್ತ ತಂತಿ ಬಲೆ. ಬಲ್ಬಿನ ಮೇಲಿನ ಮಾಡಿಗೆ ಬಿಸಿ ಜಾಸ್ತಿ ತಾಗದ ಹಾಗೆ ಜಾಗ ಬಿಡಿ. ಎಂಥ ಪಾಲಿಶ್ ಆದ್ರೂ ಸುಟ್ಟರೆ ಹೊಗೆ ಬಿಟ್ಟೇ ಬಿಡುತ್ತೆ.

— ಹಾವಿಗೆ ಇಷ್ಟು ಯೋಚ್ನೆ ಮಾಡ್ತೀಯ. ನಮ್ಮ ತೊಟ್ಟಿಲಿಗೂ ಯಾರೂ ಇಷ್ಟು ಕೇಳ್ಲಿಲ್ಲ ಕಣಮ್ಮ. ಮೊನ್ನೆ ಒಂದು ತೊಟ್ಟಿಲಿಗೂ ಮೆಲಮೈನೇ ಹೊಡೆದೆ. ಇನ್ಮೇಲೆ ತೊಟ್ಟಿಲಿಗೆ ಅರಗಿನ ಪಾಲಿಶೇ.

— ತುಂಬಾ ಒಳ್ಳೇದು ಮಾವ. ಇನ್ನೊಂದು ಕೆಲಸ ಇದೆ, ದುಡ್ಡಿಲ್ಲದ್ದು. ಪ್ಲೈ ಮೇಲಿನ ಮುದ್ರೆ, ಪಿಯು, ಫೆವಿಕಾಲ್, ಸಿಲಿಕೋನ್ ಡಬ್ಬಿಗಳ ಹೆಸರು, ಕೊನೇ ಕೋಟ್ ಬಳಿದ ತಾರೀಖು ಎಲ್ಲಾ ಒಂದು ಚೀಟೀಲಿ ಬರೆದು ಪೆಟ್ಟಿಗೆ ಹಿಂದುಗಡೆ ಅಂಟಿಸಿಕೊಡಿ. ಪ್ರಾಣಿಗೆ ಉಸಿರಾಟದ ತೊಂದ್ರೆ ಅಂತ ಬಂದಾಗ ಗೂಡು ಹೊಸದಾ, ಏನು ಬಳಿದಿದ್ದೀರಿ ಅಂತ ನಾವು ಕೇಳ್ತೀವಿ. ಆ ಚೀಟಿ ಇದ್ರೆ ಉತ್ತರಕ್ಕೆ ಹುಡುಕಾಡೋದು ತಪ್ಪುತ್ತೆ.

— ಬರೀತೀನಿ. ಇನ್ಮೇಲೆ ಯಾರ ಪ್ರಾಣಿಗೆ ಗೂಡು ಮಾಡ್ಕೊಟ್ರೂ ಚೀಟಿ ಹಚ್ಚೇ ಕೊಡೋದು. ಮಾಡಿಸ್ಕೊಳ್ಳೋರೂ ಕೇಳಿ ಬರೆಸ್ಕೊಳ್ಳಲಿ.